ಪೂಜೆಗೆ ಕುಳಿತ ನಿಘಂಟು

ನಾನು ಒಂದು ನಿಘಂಟು. ಮೈಸೂರಿನ ಅಚ್ಚುಕೂಟವೊಂದರಲ್ಲಿ ಹುಟ್ಟಿದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ತುಂಬಿಯೂ ತುಳುಕುತ್ತಿದ್ದೆ. ಪಕ್ಕದ ತೆಳು ಪುಸ್ತಕಗಳ ಮುಂದೆ ನನಗೆ ಅಷ್ಟು ಜಂಭ.

ನನ್ನನ್ನು ಕೊಂಡವರು ನಂಜನಗೂಡಿನ ಅಂಚೆ ಗುಮಾಸ್ತ ಪುಟ್ಟಮಾದಪ್ಪನವರು. ಭಾನುವಾರದ ಪದಬಂಧ ತುಂಬಲು ನಾನು ಬೇಕಿತ್ತು. ಮಗಳು ವನಮಾಲಾ ಮದುವೆಯಾಗಿ ಹೊರಟಾಗ, "ಕತೆ ಬರೀತೀಯಲ್ಲ, ಇಟ್ಕೊ ಮಗಾ" ಎಂದು ನನ್ನನ್ನು ಅವಳ ಪೆಟ್ಟಿಗೆಗೆ ಹಾಕಿದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಅಪ್ಪನ ಕತೆ ಬರೆಯಬೇಕೆಂದು ವನಮಾಲಾ ಒದ್ದಾಡಿದಳು. ಸರಳವಾಗಿ ಬರೆದರೆ ಅಪ್ಪನಿಗೆ ಕಡಿಮೆಯಾದೀತೆಂಬ ಅಳುಕು ಅವಳಿಗೆ. ಸಾಲುಸಾಲಿಗೂ ನನ್ನನ್ನು ತೆರೆದು 'ದುಃಖ'ದ ಬದಲು 'ಶೋಕ', 'ಶೋಕ'ದ ಬದಲು 'ಸಂತಾಪ' ಹುಡುಕುವಳು. ನಾನೂ ಧಾರಾಳವಾಗಿ ಕೊಟ್ಟೆ. ಬರೆದದ್ದನ್ನು ಓದಿದರೆ ಅದರಲ್ಲಿ ಅಪ್ಪನೇ ಇರುತ್ತಿರಲಿಲ್ಲ. ಹರಿದು ಹಾಕುತ್ತಿದ್ದಳು.

ನವರಾತ್ರಿ ಬಂತು. ಅತ್ತೆ ಶಿವನಾಗಮ್ಮ ಮನೆಯ ಪುಸ್ತಕಗಳನ್ನೆಲ್ಲ ಒಂದೊಂದಕ್ಕೂ ಕುಂಕುಮ ಹಚ್ಚಿ ಸರಸ್ವತಿ ಪೂಜೆಗೆ ಜೋಡಿಸಿದರು. ದಪ್ಪಗಿದ್ದೆನೆಂದು ನನ್ನನ್ನು ಎಲ್ಲಕ್ಕಿಂತ ಅಡಿಗಿಟ್ಟರು. ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ.

ಸಂಜೆ ಇಬ್ಬರೂ ನನ್ನೆದುರೇ ಹೂ ಕಟ್ಟುತ್ತ ಕುಳಿತಿದ್ದರು. "ಅದೇನವ್ವ, ಬರ್ದು ಬರ್ದು ಹರೀತಿದ್ದೆ?" ಎಂದರು ಅತ್ತೆ.

"ಅಪ್ಪನ ಕತೆ ಅತ್ತೆ. ಅವತ್ತು ನಾನು ಊರಲ್ಲೇ ಇದ್ದೆ. ತಿಂಡಿ ತಿಂದ್ರು, ತಟ್ಟೆ ಅಲ್ಲೇ ಇಟ್ಟು ಮಲಗಿದ್ರು, ಮತ್ತೆ ಏಳ್ಲಿಲ್ಲ. ಎಲ್ಲಾ ಮುಗಿದ್ಮೇಲೆ ಪಾತ್ರೆ ತೊಳೆಯೋಕೆ ಕೂತೆ. ಆ ತಟ್ಟೆ ಮಾತ್ರ ತೊಳೆಯೋಕೆ ಕೈ ಬರ್ಲಿಲ್ಲ."

ಅತ್ತೆಯ ಕೈಯಲ್ಲಿ ದಾರ ನಿಂತಿತು. ಮೆಲ್ಲಗೆ ಕೇಳಿದರು: "ಆಮೇಲೆ ತೊಳದ್ಯಾ?"

ವನಮಾಲಾ ಹೂ ಕೆಳಗಿಟ್ಟಳು. ಅತ್ತೆಯ ಒದ್ದೆ ಕಣ್ಣನ್ನೇ ನೋಡಿದಳು. ಇಷ್ಟು ದಿನ ಬಾರದ ಅಪ್ಪ ಅವಳಾಡಿದ ಆ ಮಾತಿನಲ್ಲಿ ಬಂದಿದ್ದರು. ಅದು ಅವಳಿಗೂ ತಿಳಿಯಿತು.

ದಶಮಿಯ ಬೆಳಿಗ್ಗೆ ಮಂಗಳಾರತಿಯಾದ ಮೇಲೆ ಅವಳು ನನ್ನನ್ನು ಎತ್ತಿಕೊಂಡಳು. ತೆರೆಯುತ್ತಾಳೆಂದು ಕಾದೆ. ಅವಳು ನನ್ನ ಅಂಚಿಗೆ ಸಿಕ್ಕಿದ್ದ ಹೂವನ್ನು ತೆಗೆದು, ನನ್ನನ್ನು ಮೊಣಕೈ ಪಕ್ಕದಲ್ಲಿಟ್ಟುಕೊಂಡು, ಆಡಿದ ಹಾಗೆಯೇ ಬರೆಯತೊಡಗಿದಳು. ಸಂಜೆ ಅತ್ತೆಗೆ ಓದಿ ಹೇಳಿದಳು. ಕೊನೆಯಲ್ಲಿ ಅವರ ಪ್ರಶ್ನೆಗೆ ಉತ್ತರವಿತ್ತು: "ಆಮೇಲೆ ತೊಳೆದೆ. ಒಂದು ತಟ್ಟೆ ತೊಳೆಯಲು ಅಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ."

ಇಡೀ ದಿನ ಅವಳು ನನ್ನನ್ನು ತೆರೆಯಲೇ ಇಲ್ಲ. ಕೊಂಚ ಬೇಸರವಾಯಿತು, ಸುಳ್ಳು ಹೇಳಲಾರೆ. ಸಂತೋಷ ಅದಕ್ಕಿಂತ ಹೆಚ್ಚಾಯಿತು.

ಈಗ ನನ್ನ ಹೊಲಿಗೆ ಬಿಚ್ಚಿದೆ. ಅವಳ ಮೇಜಿನ ಮೂಲೆಯಲ್ಲಿದ್ದೇನೆ, ರಟ್ಟಿನ ಮೇಲೆ ಅಂದಿನ ಕುಂಕುಮದ ಕಲೆ ಹಾಗೇ ಇದೆ. 'ಶೋಕ' ಇರುವ ಪುಟ ಅವಳ ಬೆರಳು ತಾಗಿ ತಾಗಿ ಮಾಸಿದೆ. 'ತಟ್ಟೆ' ಎಂಬ ಪದವೂ ನನ್ನೊಳಗಿದೆ. ಆ ಪುಟದಲ್ಲಿ ಒಂದು ಬೆರಳಿನ ಗುರುತೂ ಇಲ್ಲ.