ಕತ್ತರಿ ಕಂಡ ಸ್ವೆಟರು

"ಏನೇ ಇದು, ಸ್ವಂತ ಮನೆ ಬಾಗಿಲಲ್ಲೇ ಅಡ್ಡ ನಿಂತ್ಕೊಂಡಿದ್ದೀಯಲ್ಲ! ಮೊಮ್ಮಗಳು ಬಂದಿದ್ದಾಳೆ ಅಂತ ದೋಣಿಯಿಂದ ನೇರ ಓಡಿ ಬಂದಿದ್ದೀನಿ. ತಗೋ, ಇದನ್ನ ಹಿಡ್ಕೋ."

ಗಂಡ ಒದ್ದೆ ಗ್ಲೌಸು ಕಳಚಿ ಅವಳ ಕೈಗೆ ತುರುಕಿದ. ಬಂದರಿನ ಶೆಡ್ಡಿನಲ್ಲಿ ಬಲೆ ಹೊಲಿಯುವವಳು ಅವಳು. ಅವನ ಮೈಯ ಮೀನು, ಡೀಸೆಲ್, ಬೆವರು ಎಲ್ಲವೂ ಅವಳ ಮೂಗಿಗೆ ಹಳೇ ನೆಂಟರು. ಇವತ್ತಿನದು ಬೇರೆ.

"ರೀ, ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ?"

"ಓ, ಅದಾ? ಬಲೇಲಿ ಒಂದು ಉಂಡೆ ಸಿಕ್ತು. ಹಳದಿ ಮೇಣದ ಥರ, ಅಂಟಂಟು. ಕಿತ್ತು ನೀರಿಗೆ ಎಸೆದೆ. ಸ್ವೆಟರಿಗೂ ಸ್ವಲ್ಪ ಮೆತ್ಕೊಂಡಿದೆ."

ಹಿಂದೊಮ್ಮೆ ಬಂದರಿನ ನರ್ಸಮ್ಮ ಶೆಡ್ಡಿಗೆ ಬಂದು ಹೇಳಿದ್ದಳು. ಯಾವುದೋ ಹಳೇ ಯುದ್ಧ ಮುಗಿದ ಮೇಲೆ ವಿಷ ತುಂಬಿದ ಬಾಂಬುಗಳನ್ನು ಸಮುದ್ರಕ್ಕೆ ಸುರಿದು ಕೈತೊಳೆದುಕೊಂಡಿದ್ದರಂತೆ. ಕಬ್ಬಿಣ ತುಕ್ಕು ಹಿಡಿದು ಒಳಗಿನ ವಿಷ ಈಗ ಬೆಳ್ಳುಳ್ಳಿ ವಾಸನೆಯ ಅಂಟು ಉಂಡೆಯಾಗಿ ಬಲೆಗೆ ಬೀಳುತ್ತದೆ. ಮುಟ್ಟಿದಾಗ ಉರಿಯುವುದಿಲ್ಲ, ನೋಯುವುದಿಲ್ಲ. ಅದರ ಮೋಸವೇ ಅದು. ಗಂಟೆಗಟ್ಟಲೆ ಆದಮೇಲೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ, ಕಣ್ಣು ಬಾತು ಮುಚ್ಚಿಹೋಗುತ್ತದೆ. ಆವತ್ತು ಹೆಂಗಸರೆಲ್ಲ ಕಿಸಕ್ಕೆಂದಿದ್ದರು, ಇವಳೂ ಸೇರಿ.

"ಅಲ್ಲೇ ನಿಲ್ಲಿ. ಒಂದು ಹೆಜ್ಜೆ ಮುಂದೆ ಬರಬೇಡಿ."

"ನನಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದ್ದೀನಿ!"

"ಮೊದಮೊದಲು ಹಾಗೇ ಇರುತ್ತಂತೆ. ಆ ಸ್ವೆಟರಿಗೆ ಮಗೂನ ಅವಚ್ಕೊಂಡ್ರೆ ಗತಿಯೇನು?"

ಅವನು ಹೊಸ್ತಿಲಿಂದ ಹಿಂದೆ ಸರಿದ. ಅವಳು ಫೋನಿಗೆಂದು ಒಳಗೆ ತಿರುಗಿದಳು. ತಿರುಗಿದವಳು ತನ್ನ ಕೈಯಲ್ಲಿದ್ದ ಗ್ಲೌಸು ನೋಡಿ ಹಾಗೇ ನಿಂತುಬಿಟ್ಟಳು. ಒಳಗೆ ಹೋಗುವ ಹಾಗೆ ಈಗ ಅವಳೂ ಇಲ್ಲ. ಗ್ಲೌಸು ಎಸೆದು ಅಂಗಳಕ್ಕೆ ಇಳಿದಳು.

"ಮಗಳೇ, ಬಾಗಿಲು ಹಾಕ್ಕೋ! ಮಗೂನ ಒಳಗಿನ ರೂಮಿಗೆ ಒಯ್ಯಿ. ಆಂಬುಲೆನ್ಸಿಗೆ ಫೋನ್ ಮಾಡು. ಬಂದರಿಗೂ ಹೇಳು, ದೋಣಿಯವರು ಯಾರೂ ಬಟ್ಟೆ ಬಿಚ್ಚಿ ತೊಳ್ಕೊಳ್ಳದೆ ಮನೆಗೆ ಹೋಗಬಾರದು ಅಂತ. ಸೋಪು, ಕತ್ತರಿ, ರಬ್ಬರ್ ಗ್ಲೌಸು ಕಿಟಕಿಯಿಂದ ಎಸಿ!"

ನಲ್ಲಿಯಲ್ಲಿ ತನ್ನ ಕೈ ಸೋಪು ಹಚ್ಚಿ ತೊಳೆದು, ರಬ್ಬರ್ ಗ್ಲೌಸು ಏರಿಸಿಕೊಂಡು ಬರುವಷ್ಟರಲ್ಲಿ ಅವನು ಸ್ವೆಟರಿನ ಅಂಚು ಹಿಡಿದು ಎತ್ತತೊಡಗಿದ್ದ.

"ತಲೆ ಮೇಲಿಂದ ಎಳೀಬೇಡಿ! ಮುಖಕ್ಕೆ, ಕಣ್ಣಿಗೆ ಸವರುತ್ತೆ." ಕತ್ತರಿ ಬೆನ್ನ ಮೇಲೆ ಕರಕರ ಹರಿಯಿತು.

"ಅಯ್ಯೋ, ಚಳಿಗಾಲವೆಲ್ಲ ಕೂತು ನೀನೇ ಹೆಣೆದದ್ದು ಕಣೇ..."

"ಇನ್ನೊಂದು ಹೆಣೀತೀನಿ. ಇನ್ನೊಬ್ಬ ಗಂಡನ್ನ ಹೆಣೆಯೋಕೆ ನನಗೆ ಬರಲ್ಲ."

ಪ್ಯಾಂಟಿನ ಸರದಿ ಬಂದಾಗ ಅವನು ಗೋಡೆಯತ್ತ ಕಣ್ಣು ಹೊರಳಿಸಿದ. "ಪಕ್ಕದ ಮನೆಯಾಕೆ ನೋಡ್ತಿದ್ದಾಳೆ."

"ನೋಡ್ಲಿ ಬಿಡಿ. ನಾನು ಏನು ಕಟ್ಕೊಂಡು ಏಗ್ತಿದ್ದೀನಿ ಅಂತ ಅವಳಿಗೂ ಗೊತ್ತಾಗ್ಲಿ. ತಿಕ್ಕಬೇಡಿ ಅಂದೆನಲ್ಲ! ಮೆಲ್ಲಗೆ ನೊರೆ ಹಚ್ಚಿ, ನೀರು ಬಿಡ್ತೀನಿ." ಪೈಪು ಹಿಡಿದು ನೀರು ಬಿಡುವಾಗಲೂ ಅವಳ ಬೈಗುಳ ನಿಲ್ಲಲಿಲ್ಲ. ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿಯುವ ಹೊತ್ತಿಗೆ ಆಂಬುಲೆನ್ಸು ಬಂತು.

ಸಂಜೆ ಆಸ್ಪತ್ರೆಯಲ್ಲಿ, ಗ್ಲೌಸು ಮುಗಿದು ತೋಳು ಶುರುವಾಗುವ ಕಡೆ, ಅವನ ಮಣಿಕಟ್ಟಿನ ಸುತ್ತ ಹಳದಿ ಬೊಬ್ಬೆಗಳು ಎದ್ದವು. ಎದೆ ಬರೀ ಕೆಂಪಾಗಿತ್ತು. ಅವಳ ಅಂಗೈಯಲ್ಲೂ ಕೆಂಪು ಕಲೆ. ಬೇಗ ತೊಳೆದದ್ದಕ್ಕೇ ಇಷ್ಟರಲ್ಲಿ ಮುಗಿಯಿತು, ಮಗುವಿಗೆ ಏನೂ ತಾಗಿಲ್ಲ ಎಂದರು ಡಾಕ್ಟರು.

"ಬೈಯೋದು ಮುಗೀತಾ?" ಅವನು ಪಕ್ಕದ ಮಂಚದಿಂದ ಕೇಳಿದ.

"ಇನ್ನೂ ಶುರುವೇ ಮಾಡಿಲ್ಲ."

ಗಾಜಿನ ಆಚೆ ಮಗಳು ಮಗುವನ್ನು ಎತ್ತಿ ತೋರಿಸಿದಳು. ಅವನು ತಟ್ಟನೆ ಎರಡೂ ಕೈ ಚಾಚಿದ. ಬ್ಯಾಂಡೇಜು ಕಂಡು ಹಿಂದಕ್ಕೆಳೆದುಕೊಂಡ. ಆಮೇಲೆ ಕೆನ್ನೆ ಒಳಗೆಳೆದು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ. ಮಗು ಕಣ್ಣರಳಿಸಿ ನೋಡಿತು. ನೋಡಿ, ತಾನೂ ಬೊಚ್ಚುಬಾಯಿ ತೆರೆಯಿತು.