ಟ್ಯಾಂಕಿನ ಮೇಲೆ ಯುಐ ಮತ್ತು ಯುಎಕ್ಸ್

ಅಮ್ಮತ್ತಿಯ ಸಣ್ಣ ಆಫೀಸೊಂದರಲ್ಲಿ ಅನುಶ್ರೀ ಮತ್ತು ಉದಯ ಸೇರಿ ಒಂದು ಆ್ಯಪ್ ಮಾಡಿದ್ದರು. ತೋಟದಲ್ಲಿ ಆನೆ ಕಂಡವರು ಫೋನಿನಲ್ಲಿ ಗುಂಡಿ ಒತ್ತಿದರೆ ಸುತ್ತಮುತ್ತಲಿನ ಫೋನುಗಳಿಗೆಲ್ಲ ಸುದ್ದಿ ಹೋಗಬೇಕು. ಪರದೆಯ ಬಣ್ಣ, ಅಕ್ಷರ, ಚಿತ್ರ, ಗುಂಡಿ ಅನುಶ್ರೀಯ ಪಾಲು, ಅದು ಯುಐ. ಬಳಸುವವರಿಗೆ ಮೊದಲು ಏನು ಬೇಕು, ಆಮೇಲೆ ಏನು, ಕೊನೆಗೆ ಅವರಿಗೆ ಹೇಗನಿಸಬೇಕು ಎನ್ನುವುದು ಉದಯನ ಪಾಲು, ಅದು ಯುಎಕ್ಸ್. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಜಗಳವಾಗಿ ಇಬ್ಬರೂ ಮಾತು ಬಿಟ್ಟಿದ್ದರು.

"ನಿಂದು ಬಣ್ಣ ಬಳಿಯೋ ಕೆಲಸ ಅಷ್ಟೇ" ಎಂದಿದ್ದ ಅವನು.

"ನಿಂದು ಅದೂ ಅಲ್ಲ ಕಣೋ, ಬರೀ ಬಾಣದ ಗುರುತು ಎಳೆಯೋದು" ಎಂದಿದ್ದಳು ಅವಳು.

ಮಾತಿಲ್ಲದೆಯೇ ಇಬ್ಬರೂ ತಿತಿಮತಿ ಹತ್ತಿರ ಬೋಜಪ್ಪನವರ ಕಾಫಿ ತೋಟಕ್ಕೆ ಆ್ಯಪ್ ಪರೀಕ್ಷಿಸಲು ಬಂದರು. ತೋಟದ ಕೆಲಸಗಾರರ ಲೈನ್ ಮನೆಗಳ ಬಳಿ ಜೀಪು ನಿಲ್ಲಿಸಿದ ಬೋಜಪ್ಪ, "ಮೇಲೆ ನೀರಿನ ಟ್ಯಾಂಕ್ ಹತ್ರ ಸಿಗ್ನಲ್ ಚೆನ್ನಾಗುಂಟು. ಅಲ್ಲಿಂದ ಕಳಿಸಿ. ಇಲ್ಲಿ ಬರ್ತದಾ ಅಂತ ನಾನು ನೋಡ್ತೇನೆ" ಎಂದರು.

ಇಬ್ಬರೂ ದಾರಿಯ ಒಂದೊಂದು ಅಂಚು ಹಿಡಿದು ಏರು ಹತ್ತಿದರು. ಟ್ಯಾಂಕಿನ ಹತ್ತಿರ ಬಂದಾಗ ಕಾಫಿ ಗಿಡಗಳು ಅಲುಗಾಡಿದವು. ಗಿಡಗಳ ಮೇಲೆ ಒಂದು ಬೂದು ಬೆನ್ನು ಕಾಣಿಸಿತು. ಟ್ಯಾಂಕಿನ ಏಣಿಯನ್ನು ಯಾರು ಮೊದಲು ಹತ್ತಿದರು ಎನ್ನುವುದು ಇಬ್ಬರಿಗೂ ನೆನಪಿಲ್ಲ.

"ಒತ್ತು ಮಾರಾಯ್ತಿ, ಬೇಗ ಒತ್ತು" ಎಂದ ಉದಯ. ಎಷ್ಟೋ ದಿನಗಳ ಮೇಲೆ ಅವನಾಡಿದ ಮೊದಲ ಮಾತು ಅದು.

ಅನುಶ್ರೀ ಆ್ಯಪ್ ತೆರೆದಳು. ಹಸಿರು ಬೆಟ್ಟಗಳ ಮೇಲಿಂದ ಮಂಜು ಮೆಲ್ಲಗೆ ಸರಿಯಿತು. ಪುಟ್ಟ ಮರಿಯಾನೆಯೊಂದು ಕಿವಿ ಬೀಸುತ್ತ ಪರದೆಯ ಈ ತುದಿಯಿಂದ ಆ ತುದಿಗೆ ಹೊರಟಿತು. ಕೆಳಗೆ ನಿಜವಾದ ಆನೆ ಟ್ಯಾಂಕಿನ ಕಂಬಕ್ಕೆ ಬೆನ್ನುಜ್ಜತೊಡಗಿತ್ತು.

"ಈ ಮರಿ ಯಾವಾಗ ಆಚೆ ಮುಟ್ತದೆ?" ಎಂದ ಉದಯ.

"ನಿಧಾನಕ್ಕೆ ನಡೆದ್ರೆ ಚೆಂದ ಅನ್ನಿಸ್ತು" ಎಂದಳು ಅವಳು ಸಣ್ಣ ದನಿಯಲ್ಲಿ.

ಮರಿ ಆಚೆ ಸೇರಿದ ಮೇಲೆ ಗುಂಡಿ ಬಂತು. ಒತ್ತಿದಳು. ಈಗ ಉದಯನ ಪ್ರಶ್ನೆಗಳ ಸರದಿ.

"'ಒಂಟಿಯೋ, ಹಿಂಡೋ?' ಅಂತಿದೆ. 'ದಂತ ಇದೆಯೇ?' ಅಂತಿದೆ. 'ನಿಮ್ಮ ಉತ್ತರ ಖಚಿತವೇ?' ಅಂತಾನೂ ಕೇಳ್ತಿದೆ ಕಣೋ."

"ಸುಳ್ಳು ಸುದ್ದಿ ಹೋಗಬಾರದು ಅಂತ ಹಾಕಿದ್ದೆ."

"ಹಂಗಾದ್ರೆ ಕೆಳಗೆ ಬಗ್ಗಿ ನೀನೇ ಕೇಳು."

ಅವನಿಗೆ ನಗು ಒತ್ತರಿಸಿ ಬಂತು. ಅವನನ್ನು ನೋಡಿ ಅವಳಿಗೂ ಬಂತು. ಬಾಯಿಗೆ ದುಪಟ್ಟಾ ತುರುಕಿಕೊಂಡು ಅವಳು ಕೊನೆಯ ಗುಂಡಿ ಒತ್ತಿದಳು. ಸುತ್ತಮುತ್ತಲಿನ ಫೋನುಗಳೆಂದರೆ ಅವರದ್ದೂ ಸೇರಿತ್ತಲ್ಲ, ಎರಡು ಫೋನುಗಳೂ ಒಟ್ಟಿಗೆ ಸೈರನ್ ಕೂಗಿದವು. ಆನೆ ಕಿವಿ ಅಗಲಿಸಿ ತಲೆ ಎತ್ತಿತು. ಉದಯ ಫೋನಿನ ಮೇಲೆ ಕುಳಿತ. ಅನುಶ್ರೀ ತನ್ನದನ್ನು ಹೊಟ್ಟೆಗೆ ಅವುಚಿಕೊಂಡಳು. ಸೈರನ್ ನಿಲ್ಲಲಿಲ್ಲ; ನಿಲ್ಲಿಸುವ ಗುಂಡಿಯನ್ನು ಇಬ್ಬರೂ ಮಾಡಿರಲಿಲ್ಲ. ಆನೆ ಕೆಳಗಿನ ತೊಟ್ಟಿಯಿಂದ ಸೊಂಡಿಲು ತುಂಬ ನೀರೆಳೆದು ಮೇಲಕ್ಕೆ ಚಿಮ್ಮಿಸಿತು. ಇಬ್ಬರೂ ತೊಯ್ದು ತೊಪ್ಪೆಯಾಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಕೆಳಗಿನಿಂದ ಜೀಪಿನ ಹಾರ್ನ್ ಕೇಳಿಸಿತು. ಆನೆ ಬೇಸತ್ತಂತೆ ತಿರುಗಿ ಕಾಡಿನ ಕಡೆ ನಡೆಯಿತು. ಸೈರನ್ ಕೂಡ ತಾನಾಗಿಯೇ ನಿಂತಿತು.

"ಸುದ್ದಿ ಬಂತು. ಆದ್ರೆ ಸೈರನ್ ಕೇಳಿ ನನ್ನ ನಾಯಿ ಜೀಪಿನ ಅಡಿಗೆ ಹೋಗಿ ಕೂತಿತ್ತು, ಅದನ್ನು ಹೊರಗೆಳೆಯೋದ್ರಲ್ಲಿ ಬರೋದು ತಡ ಆಯ್ತು" ಎಂದರು ಟ್ಯಾಂಕಿನ ಬುಡದಲ್ಲಿ ಜೀಪು ನಿಲ್ಲಿಸಿದ ಬೋಜಪ್ಪ.

ಬಟ್ಟೆ ಸ್ವಲ್ಪ ಒಣಗಲೆಂದು ಇಬ್ಬರೂ ಬಿಸಿಲಿಗೆ ಕಾಲು ಇಳಿಬಿಟ್ಟು ಅಲ್ಲೇ ಕುಳಿತರು. "ತೆರೆದ ಕೂಡ್ಲೇ ಪರದೆ ತುಂಬ ಒಂದೇ ಕೆಂಪು ಗುಂಡಿ. ಅದು ನನಗೆ ಬಿಡು" ಎಂದಳು ಅನುಶ್ರೀ.

"ಏಣಿ ಹತ್ತುವಾಗ ಒಂದೇ ಕೈಯಲ್ಲಿ ಒತ್ತಲಿಕ್ಕೆ ಆಗ್ತದಾ, ನಾನು ನೋಡ್ತೇನೆ. ಪ್ರಶ್ನೆಗಳೆಲ್ಲ ಆಮೇಲೆ, ಮನೆ ಮುಟ್ಟಿ ಕಾಫಿ ಕುಡಿದ ಮೇಲೆ."

"ಒತ್ತಿದವರ ಫೋನು ಕೂಗಬಾರದು."

"ಕೂಗಲೇಬಾರದು."

ಮತ್ತೆ ನಗು ಶುರುವಾಯಿತು. ಏನಾಯಿತೆಂದು ಬೋಜಪ್ಪ ಕೆಳಗಿನಿಂದ ಕೇಳಿದರೂ ಇಬ್ಬರಿಗೂ ಹೇಳಲಾಗಲಿಲ್ಲ.

ಇಳಿಯುವ ಮೊದಲು ಉದಯ ಏಣಿಯ ಬಳಿ ನಿಂತ. "ಈ ಭಾನುವಾರ ಕರಿಕೆಗೆ, ನಮ್ಮ ಮನೆಗೆ ಬರ್ತೀಯಾ? ಅಮ್ಮನಿಗೆ ನಿನ್ನ ತೋರಿಸಬೇಕು."

ಅನುಶ್ರೀ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. "ಏನು ಅಂತ ತೋರಿಸ್ತೀಯ?"

"ಅದನ್ನೇ ನಿನ್ನ ಹತ್ರ ಕೇಳುವ ಅಂತ."

"ಮೊದ್ಲು ಇಳಿ, ಹೇಳ್ತೀನಿ" ಎಂದ ಅವಳ ಮುಖ ಆಗಲೇ ಹೂಂ ಎಂದುಬಿಟ್ಟಿತ್ತು.