ಇನ್ನೂ ಹಿಂದಕ್ಕೆ ಹೋಗು

ಸಂಜೆಯ ಗಂಟೆ ಬಾರಿಸಿ ಉಳಿದ ಮಕ್ಕಳೆಲ್ಲ ಮನೆ ಸೇರಿದ್ದರೂ ಎಂಟನೆಯ ತರಗತಿಯ ಕೋಣೆಯಲ್ಲಿ ಗದ್ದಲ ನಿಂತಿರಲಿಲ್ಲ. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಿದ್ದರು. ಲಕ್ಷ್ಮೀಕಾಂತ ಎಂಬ ಗುಂಡು ಮುಖದ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೆಂಚಿನ ಮೇಲೆ ಅಂಗಾತ ಮಲಗಿ ಹಂದಿಯಂತೆ ಗುರುಗುಟ್ಟುತ್ತಿದ್ದ. ಡಾಕ್ಟರ ವೇಷದ ಹುಡುಗ ಅವನನ್ನು ಮಗ್ಗುಲಿಗೆ ಹೊರಳಿಸಿ, "ಇವನಿಗೆ ಬಂದಿರೋದು ಜ್ವರಾನೋ ಬಾಲಾನೋ, ಮೊದ್ಲು ಅದನ್ನ ನೋಡಿ ಸಿಸ್ಟರ್!" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬಾಗಿಲಲ್ಲಿ ನಿಂತಿದ್ದ ಶಾಲಾ ಸಮಿತಿಯ ಅಧ್ಯಕ್ಷ ವೆಂಕಟರಾಯಪ್ಪನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಯಾಣದುರ್ಗದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟುಕೊಂಡಿದ್ದ ಅವರು ವಾರ್ಷಿಕೋತ್ಸವದ ಶಾಮಿಯಾನದ ವಿಷಯ ಮಾತಾಡಲು ಬಂದಿದ್ದರು. "ಬಾಗುಂದಿ ಮೇಷ್ಟ್ರೇ, ಬಹಳ ಚೆನ್ನಾಗಿದೆ! ಊರು ನಗೋದು ಮರೆತುಬಿಟ್ಟಿತ್ತು. ಇದನ್ನೇ ಕೊನೇಗೆ ಇಡಿ" ಎಂದು ಹೇಳಿ ಹೊರಟುಹೋದರು.

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಆ ಮಳೆಗಾಲವೆಲ್ಲ ಹಂದಿ ಜ್ವರದ ಮಾತೇ ಮಾತು. ಬಸ್ಸಿನಲ್ಲಿ ಒಬ್ಬರು ಸೀನಿದರೆ ಅಕ್ಕಪಕ್ಕದವರು ಎದ್ದು ನಿಲ್ಲುತ್ತಿದ್ದರು. ಚಳಿಗಾಲದ ಹೊತ್ತಿಗೆ ಭಯ ಸ್ವಲ್ಪ ತಗ್ಗಿತ್ತು. ಹಿಂದೂಪುರದಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಕನ್ನಡ ಮೇಷ್ಟ್ರು ಮುರಳಿಕೃಷ್ಣ, ಉಳಿದ ಭಯವನ್ನು ನಗಿಸಿ ಓಡಿಸೋಣ ಎಂದು ಈ ಪ್ರಹಸನ ಬರೆದಿದ್ದರು.

ನಗದೆ ಕೂತಿದ್ದವಳು ಒಬ್ಬಳೇ. ಕಿಟಕಿಯ ಹತ್ತಿರ ಕಾಲು ಇಳಿಬಿಟ್ಟುಕೊಂಡಿದ್ದ ಅಮೃತಾ. ಯಾರ ನಡಿಗೆ, ಯಾರ ದನಿಯನ್ನಾದರೂ ಒಮ್ಮೆ ನೋಡಿದರೆ ಹಾಗೇ ಮಾಡಿ ತೋರಿಸುವ ಹುಡುಗಿ ಅವಳು. ನಾಟಕವೆಂದರೆ ಮುಂದೆ ನಿಲ್ಲುವವಳು.

"ಯಾಕಮ್ಮ, ನಗು ಬರ್ಲಿಲ್ವಾ?" ಎಂದರು ಮೇಷ್ಟ್ರು.

"ನಮ್ಮಪ್ಪ ಹಿಂಗೆ ಗುರುಗುಟ್ಲಿಲ್ಲ ಸಾರ್" ಎಂದಳು ಅಮೃತಾ.

ಕೋಣೆಯ ಗದ್ದಲ ನಿಂತಿತು. ಲಕ್ಷ್ಮೀಕಾಂತ ಮೂಗಿನ ಕರವಸ್ತ್ರ ಬಿಚ್ಚಿಕೊಂಡು ಎದ್ದು ಕೂತ. ಏನೂ ತಿಳಿಯದೆ ಮುಖ ಮುಖ ನೋಡುತ್ತಿದ್ದ ಮೇಷ್ಟ್ರಿಗೆ ಅವನೇ ಮೆಲ್ಲಗೆ ಹೇಳಿದ: "ಅವ್ರಪ್ಪ ಇದೇ ಜ್ವರದಾಗೆ ಹೋಗ್ಬುಟ್ರು ಸಾರ್. ನಿಮಗೆ ಗೊತ್ತಿಲ್ಲ."

ಮುರಳಿಕೃಷ್ಣ ಬೆಂಚಿನ ಮೇಲೆ ಕುಸಿದು ಕೂತರು. "ತಪ್ಪಾಯ್ತು ಕಣಮ್ಮ. ಈ ನಾಟಕ ಬೇಡ. ಬೇರೆ ಯಾವ್ದಾದ್ರೂ ಮಾಡೋಣ" ಎಂದರು.

"ನಿಲ್ಲಿಸ್ಬೇಡಿ ಸಾರ್" ಎಂದು ಅಮೃತಾ ಕಿಟಕಿಯಿಂದ ಕೆಳಗಿಳಿದಳು. "ನಗ್ಸಿ. ಆದ್ರೆ ಜ್ವರ ಬಂದು ಮಲಗಿರೋನ್ನ ನೋಡಿ ಯಾಕೆ ನಗ್ಬೇಕು? ಅವನೇನು ತಮಾಷೆ ಮಾಡ್ತಾನೆ? ಅವನ್ನ ಕಂಡು ಓಡೋಗ್ತಾರಲ್ಲ, ಅವ್ರು ಸಾರ್ ತಮಾಷೆ! ನಾನು ಕಣ್ಣಾರೆ ನೋಡಿದ್ದೀನಿ. ಮಾಡಿ ತೋರಿಸ್ಲಾ?"

ಲಕ್ಷ್ಮೀಕಾಂತನ ಹೆಗಲ ಮೇಲಿದ್ದ ಟವೆಲ್ಲು ಇಸಕೊಂಡು ಬಾಯಿಗೆ ಒತ್ತಿ ಹಿಡಿದು, ಒಂದು ಕಾಲು ಮುಂದೆ ಇಟ್ಟು ಮೈಯೆಲ್ಲ ಹಿಂದಕ್ಕೆ ಬಾಗಿಸಿ ಅವಳು ಕೂಗಿದಳು: "ಅಕ್ಕಾ! ಧೈರ್ಯ ತಂದ್ಕೋ ಅಕ್ಕಾ! ಏನಾದ್ರೂ ಬೇಕಾದ್ರೆ ಹೇಳು, ನಾವೆಲ್ಲ ಇಲ್ವಾ? ಆದ್ರೆ ಬಾಯಿ ಬಿಡ್ಬೇಡ, ಹಂಗೇ ಹೇಳು!"

ಮೊದಲು ನಕ್ಕವರು ಮೇಷ್ಟ್ರು. ನಕ್ಕ ಮೇಲೆ ಅವರ ಕಣ್ಣು ಒದ್ದೆಯಾಯಿತು.

ಅಮೃತಾಳ ತಂದೆ ಪೋತಪ್ಪ ಟೆಂಪೋ ಚಾಲಕ. ಎಷ್ಟೋ ವರ್ಷ ವೆಂಕಟರಾಯಪ್ಪನವರ ಮಂಡಿಯ ಹುಣಸೆಹಣ್ಣನ್ನು ಹಿಂದೂಪುರದ ಮಾರುಕಟ್ಟೆಗೆ ಹೊತ್ತವನು. ಮಾತಿಗೊಂದು ಚೇಷ್ಟೆ ಮಾಡುವ ಆಸಾಮಿ. ಸೆಪ್ಟೆಂಬರಿನಲ್ಲಿ ಹಿಂದೂಪುರದಲ್ಲೇ ಜ್ವರ ಕಾಣಿಸಿಕೊಂಡು ಅಲ್ಲಿನ ಆಸ್ಪತ್ರೆ ಸೇರಿದ. ಅಲ್ಲಿಂದ ಫೋನು ಮಾಡಿ, "ಮೂಗು ಬಾಯಿ ಮುಚ್ಚವ್ರೆ ಕಣಮ್ಮ. ನನ್ನ ಮೀಸೆ ನರ್ಸಮ್ಮನಿಗೆ ಕಾಣಂಗಿಲ್ಲ, ಅದೊಂದೇ ಯೋಚ್ನೆ" ಎಂದು ಮಗಳನ್ನು ನಗಿಸಿದ್ದ. ಆಮೇಲೆ ಅವನ ದನಿ ಕೇಳಿಬರಲಿಲ್ಲ.

ದೇಹ ಊರಿಗೆ ಬಂದಾಗ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವನ ಹೆಂಡತಿ ನರಸಕ್ಕನ ಅಣ್ಣ ಓಬಣ್ಣ ಕಂಬದೂರಿನಿಂದ ತನ್ನ ಕಡೆಯ ನಾಲ್ಕು ಜನರನ್ನು ಕರೆತಂದದ್ದಕ್ಕೆ ಹೆಗಲು ಸಿಕ್ಕಿತು. ಬಸ್ ನಿಲ್ದಾಣದ ಹಿಂದೆ ನರಸಕ್ಕ ನಡೆಸುತ್ತಿದ್ದ ಇಡ್ಲಿ ಅಂಗಡಿಗೆ ಆಮೇಲೆ ಬಹಳ ದಿನ ಯಾರೂ ಕಾಲಿಡಲಿಲ್ಲ. ಒಲೆ ಹೊತ್ತಿಸಿ ಇಡ್ಲಿ ಬೇಯಿಸಿ, ಮಧ್ಯಾಹ್ನ ಅದನ್ನೇ ದನಕ್ಕೆ ಹಾಕಿ ಬರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಬ್ಬೊಬ್ಬರೇ ಬಂದು, ಏನೂ ಆಗದವರಂತೆ, "ಎರಡು ಇಡ್ಲಿ ಹಾಕಕ್ಕ" ಎಂದರು. ಅವಳೂ ಏನೂ ಆಗದವಳಂತೆ ಹಾಕಿಕೊಟ್ಟಳು.

ಬದಲಾದ ನಾಟಕದ ಅಭ್ಯಾಸವನ್ನು ವೆಂಕಟರಾಯಪ್ಪನವರು ನೋಡಿದ್ದು ಮುಂದಿನ ವಾರ. ಈ ಸಲ ನಗಲಿಲ್ಲ. ಟವೆಲ್ಲು ಹಿಡಿದು ಕೂಗುವ ಅಮೃತಾಳನ್ನು ಅರ್ಧ ನೋಡಿ, ಒಂದು ಮಾತೂ ಆಡದೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದರು. ಮರುದಿನ ಬೆಳಿಗ್ಗೆ ಶಾಲೆಗೆ ಬರಬೇಕೆಂದು ನರಸಕ್ಕನಿಗೆ ಹೇಳಿಕಳಿಸಿದರು.

ಮಗಳು ಮಾಡುತ್ತಿದ್ದ ನಾಟಕದ ಸುದ್ದಿ ನರಸಕ್ಕನಿಗೆ ತಿಳಿದದ್ದೂ ಆಗಲೇ. ಅಂಗಡಿಯ ಹಿಂದೆ ಗ್ರೈಂಡರಿಗೆ ಉದ್ದಿನಬೇಳೆ ಸುರಿಯುತ್ತಿದ್ದವಳು ಸ್ವಿಚ್ ಆರಿಸಿ ಮಗಳ ಕಡೆ ತಿರುಗಿದಳು.

"ನಿಮ್ಮಪ್ಪನ ಸಾವು ನಿಂಗೆ ಆಟ ಆಗೋಯ್ತೇನೇ?"

"ಅಪ್ಪನ ಸಾವು ಎಲ್ಲಿ ಬರುತ್ತಮ್ಮ ಅದ್ರಾಗೆ? ಅವ್ರು ಓಡೋಗಿದ್ದು ಮಾತ್ರ ಬರುತ್ತೆ."

"ಅದೇ ಕಣೇ ನಾನು ಹೇಳ್ತಿರೋದು! ಯಾರು ಓಡೋದ್ರೋ ಅವ್ರೇ ಇವತ್ತು ನಮ್ಮ ಗಿರಾಕಿಗಳು. ಅವರ ಮುಂದೆ ಅವರನ್ನೇ ಆಡ್ಕೊಂಡ್ರೆ ನಾಳೆ ಈ ಬೆಂಚ್ ಮೇಲೆ ಯಾರು ಕೂತ್ಕೋತಾರೆ? ನುಂಗ್ಕೊಂಡು ಇರೋದು ಕಲಿ."

"ನೀನು ನುಂಗ್ಕೊಂಡೇ ಇದ್ದೀಯಲ್ಲ, ಸಾಕಾಗಿಲ್ವಾ?" ಅಮೃತಾಳ ದನಿ ಏರಿತು. "ದಿನಾ ಅವರಿಗೆ ಚಟ್ನಿ ಹಾಕೋವಾಗ ನಿನ್ನ ಮುಖ ನೋಡ್ತೀನಿ ನಾನು. ಅಳೋಕೂ ಆಗ್ತಿಲ್ಲ, ಬಯ್ಯೋಕೂ ಆಗ್ತಿಲ್ಲ ನಿಂಗೆ. ನಂಗೆ ಅವೆರಡೂ ಬರಲ್ಲಮ್ಮ. ನಂಗೆ ಬರೋದು ಇದೊಂದೇ. ಅಪ್ಪನಿಗೂ ಇದೇ ಬರ್ತಿತ್ತು."

ನರಸಕ್ಕ ಗ್ರೈಂಡರಿನ ಅಂಚಿಗೆ ಅಂಟಿದ ಬೇಳೆಯನ್ನು ಬೆರಳಿನಿಂದ ಒಳಗೆ ತಳ್ಳಿದಳು. "ನಾಳೆ ಬಂದು ಬೇಡ ಅಂತ ಹೇಳ್ತೀನಿ. ಮುಗೀತು" ಎಂದು ಗ್ರೈಂಡರಿನ ಸ್ವಿಚ್ ಹಾಕಿದಳು.

ಮರುದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವಳಿಗೆ ಕುರ್ಚಿ ಹಾಕಿದ್ದರು. ವೆಂಕಟರಾಯಪ್ಪನವರು ಬಹಳ ಮೃದುವಾಗಿ ಮಾತು ತೆಗೆದರು.

"ನೋಡು ನರಸಕ್ಕ, ನಿನ್ನ ಕಷ್ಟ ನಮಗೆ ಗೊತ್ತಿಲ್ದೇ ಇಲ್ಲ. ರೋಗ, ಸಾವು ಇವೆಲ್ಲ ಮಕ್ಕಳು ನಗೋ ವಿಷಯಾನಾ? ಸತ್ತೋನಿಗೆ ಒಂದು ಮರ್ಯಾದೆ ಬೇಡ್ವಾ? ನೀನು ಮುಂದೆ ಕೂತಿರ್ತೀಯ, ನಿನ್ನ ಮಗಳು ಮೇಲೆ ನಿಂತು ಕುಣೀತಿರ್ತಾಳೆ. ನಿನ್ನ ಜೀವ ಎಷ್ಟು ನೋಯುತ್ತೆ!"

ಮುರಳಿಕೃಷ್ಣ ಮಧ್ಯೆ ಬಂದರು. "ಸಾರ್, ಮಕ್ಕಳ ತಲೇಲಿ ಇದೆಲ್ಲ ಇದ್ದೇ ಇದೆ. ಬಾಯಿ ಮುಚ್ಚಿಸಿದ್ರೆ ಹೋಗಲ್ಲ. ಆಡಿ ನಕ್ಕರೆ ಹಗುರಾಗುತ್ತೆ. ಮೊದಲು ನಾನು ಬರೆದದ್ದು ತಪ್ಪು, ಒಪ್ಪಿಕೊಳ್ತೀನಿ. ಈಗಿರೋದು ಆ ಹುಡುಗಿ ತಿದ್ದಿದ್ದು."

"ನೀವು ನಿನ್ನೆ ಮೊನ್ನೆ ಬಂದೋರು, ಸುಮ್ನಿರಿ" ಎಂದರು ವೆಂಕಟರಾಯಪ್ಪ. ಮತ್ತೆ ನರಸಕ್ಕನ ಕಡೆ ತಿರುಗಿದರು. "ಊರಿನೋರು ಹೆದರಿದ್ದು ನಿಜ. ಆಗ ಯಾರಿಗೆ ಏನು ಗೊತ್ತಿತ್ತು ಹೇಳು? ಎಲ್ಲರ ಮನೇಲೂ ಮಕ್ಕಳಿದ್ರು. ಅದನ್ನ ಕೆದಕೋದು ಯಾಕೆ? ನೀನು ಒಂದು ಮಾತು ಹೇಳಿಬಿಡು, ನನಗೆ ಇಷ್ಟ ಇಲ್ಲ ಅಂತ. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಹೇಳಿ ನಾವು ನಿಲ್ಲಿಸ್ತೀವಿ. ಯಾರಿಗೂ ಬೇಜಾರಿಲ್ಲ."

ಬೇಡ ಎಂದು ಹೇಳಲೆಂದೇ ಬಂದಿದ್ದವಳು ನರಸಕ್ಕ. ಆ ಮಾತು ತುಟಿಯ ತನಕ ಬಂದಿತ್ತು ಕೂಡ. ಆದರೆ 'ನಿನ್ನ ನೋವು' ಎಂಬ ಮಾತನ್ನು ಇವರ ಬಾಯಲ್ಲಿ ಅವಳು ಮೊದಲ ಸಲ ಕೇಳುತ್ತಿದ್ದಳು. ಇಷ್ಟು ದಿನ ಯಾರಿಗೂ ಬೇಡವಾಗಿದ್ದ ನೋವು ಇವತ್ತು ಒಂದು ಕೆಲಸಕ್ಕೆ ಬೇಕಾಗಿತ್ತು.

"ಸ್ವಾಮಿ" ಎಂದಳು, "ಮೊದಲನೇ ನಾಟಕದಾಗೆ ಜ್ವರ ಬಂದೋನು ಹಂದಿ ಥರ ಗುರುಗುಟ್ತಿದ್ನಂತೆ. ನೀವು ಬಾಗಿಲಾಗೆ ನಿಂತು ನಕ್ಕಿದ್ರಂತೆ. ಅವತ್ತು ಯಾಕೆ ನನ್ನ ಕರೀಲಿಲ್ಲ?"

ವೆಂಕಟರಾಯಪ್ಪನವರು ಮುಖ್ಯೋಪಾಧ್ಯಾಯರ ಕಡೆ ನೋಡಿದರು.

"ಹೆದರಿದ್ದು ತಪ್ಪಲ್ಲ ಸ್ವಾಮಿ. ನಾನೂ ಹೆದರಿದ್ದೆ. ನಮ್ಮನೆಯೋರ ಮುಖ ಮುಟ್ಟೋಕೆ ಮೊದ್ಲು ನಾನೂ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡೆ. ಆದ್ರೆ ಹೆದರಿಕೇನ ಮರ್ಯಾದೆ ಅಂತ ಕರೀಬೇಡಿ." ಅವಳು ಎದ್ದು ನಿಂತಳು. "ನನ್ನ ಮಗಳು ಆಡ್ತಾಳೆ. ನಾನೂ ಬಂದು ಮುಂದೇನೇ ಕೂತ್ಕೋತೀನಿ. ನನ್ನ ಹೆಸರೇಳಿ ನಿಲ್ಲಿಸಿದ್ರೆ, ಅದು ಸುಳ್ಳು ಅಂತ ಅಂಗಡಿ ಮುಂದೆ ನಿಂತು ಬಂದೋರಿಗೆಲ್ಲ ಹೇಳ್ತೀನಿ."

ಅವಳು ಹೋದ ಮೇಲೆ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸುತ್ತ, "ಆಡಲಿ ಬಿಡಿ ಸಾರ್. ತಾಯೀನೇ ಒಪ್ಪಿದ ಮೇಲೆ ನಾವು ಯಾರು?" ಎಂದರು.

ವಾರ್ಷಿಕೋತ್ಸವದ ಸಂಜೆ ಶಾಲೆಯ ಮೈದಾನ ತುಂಬಿತ್ತು. ನೃತ್ಯ, ಹಾಡು, ಬಹುಮಾನ ಎಲ್ಲ ಮುಗಿದು ಪ್ರಹಸನದ ಸರದಿ ಬಂತು. ನರಸಕ್ಕ ಹೆಂಗಸರ ಕಡೆ ಮೊದಲನೆಯ ಸಾಲಿನಲ್ಲಿ ಕೂತಿದ್ದಳು. ಆಚೆ ಬದಿಯ ಮೊದಲ ಸಾಲಿನಲ್ಲಿ ವೆಂಕಟರಾಯಪ್ಪನವರು.

ಪರದೆ ಸರಿಯಿತು. ಒಂದು ಮನೆಯ ಬಾಗಿಲು, ಮೆಟ್ಟಿಲ ಮೇಲೆ ಕೂತ ಒಬ್ಬ ಹೆಂಗಸು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ಮೀಸೆ ಅಂಟಿಸಿಕೊಂಡು, ನೆರೆಮನೆಯವನ ವೇಷದಲ್ಲಿ ಅಮೃತಾ ಬಂದಳು. ಮೈ ಹಿಂದಕ್ಕೆ ಬಾಗಿಸಿ ಕೂಗಿದಳು: "ಅಕ್ಕಾ! ಧೈರ್ಯ ತಂದ್ಕೋ ಅಕ್ಕಾ! ಬಾಯಿ ಬಿಡ್ಬೇಡ, ಹಂಗೇ ಹೇಳು!"

ಯಾರೂ ನಗಲಿಲ್ಲ. ನಗು ಬಂದವರು ಕೆಮ್ಮಿ ಅಡಗಿಸಿಕೊಂಡರು. ಇಡೀ ಮೈದಾನದ ಕಣ್ಣು ನರಸಕ್ಕನ ಮೇಲಿತ್ತು. ಅಮೃತಾ ಮುಂದಿನ ಮಾತು ಹೇಳಿದಳು. ಅದಕ್ಕೂ ಮೌನ. ಅವಳ ದನಿ ತಗ್ಗಿತು, ಟವೆಲ್ಲು ಹಿಡಿದ ಕೈ ಕೆಳಗಿಳಿಯಿತು. ಪರದೆಯ ಮರೆಯಲ್ಲಿ ಮುರಳಿಕೃಷ್ಣ ಹಗ್ಗಕ್ಕೆ ಕೈ ಹಾಕಿದರು.

ಆಗ ನರಸಕ್ಕ ಎದ್ದು ನಿಂತಳು.

"ಏ ಅಮೃತಾ! ಅಷ್ಟು ಹತ್ರ ಯಾವನೇ ಬಂದಿದ್ದ? ಇನ್ನೂ ಹಿಂದಕ್ಕೆ ಹೋಗು!"

ಅಮೃತಾ ತಾಯಿಯನ್ನೇ ನೋಡಿದಳು. ಮರುಕ್ಷಣ ಅವಳ ಮುಖಕ್ಕೆ ಕಳೆ ಬಂತು. ಟವೆಲ್ಲನ್ನು ಮತ್ತೆ ಬಾಯಿಗೆ ಒತ್ತಿ, ವೇದಿಕೆಯ ಅಂಚಿನ ತನಕ ಹಿಂದೆ ಹಿಂದೆ ನಡೆದಳು. "ಇಷ್ಟು ಸಾಕಾ ಅಕ್ಕಾ?"

"ಎಲ್ಲಿ ಸಾಕು? ಇನ್ನೂ ಹಿಂದಕ್ಕೆ!"

ಯಾರೋ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಅಮೃತಾ ವೇದಿಕೆಯಿಂದ ಧುಮುಕಿ ಜನರ ನಡುವೆ ಹಿಂದೆ ಹಿಂದೆ ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕವರನ್ನೆಲ್ಲ, "ಸೀನ್ಬೇಡಪ್ಪ! ಉಸಿರು ಕಟ್ಕೋ ತಾಯಿ!" ಎಂದು ಎಚ್ಚರಿಸುತ್ತ, ಲಕ್ಷ್ಮೀಕಾಂತನ ತಂದೆಯ ಕುರ್ಚಿಗೆ ಎಡವಿ, ಅವರಿಗೇ ಸಮಾಧಾನ ಹೇಳಿ, ಮತ್ತೆ ಹಿಂದಕ್ಕೆ. "ಇಲ್ಲಿ ಸಾಕಾ ಅಕ್ಕಾ?" "ಇನ್ನೂ ಹಿಂದಕ್ಕೆ!" ಎಂದು ಈಗ ನರಸಕ್ಕನ ಜೊತೆ ಮಕ್ಕಳೂ ಕೂಗುತ್ತಿದ್ದರು. ಇಡ್ಲಿ ಅಂಗಡಿಯ ದಿನದ ಗಿರಾಕಿಗಳೂ ಕಣ್ಣೀರು ಬರುವಷ್ಟು ನಗುತ್ತಿದ್ದರು. ನಗುತ್ತಲೇ ತಲೆ ತಗ್ಗಿಸುತ್ತಿದ್ದರು. ಕೊನೆಗೆ ಅವಳು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಊರಿಗೆಲ್ಲ ಕೇಳುವಂತೆ ಕೂಗಿದಳು: "ಧೈರ್ಯ ತಂದ್ಕೋ ಅಕ್ಕಾ!"

ಚಪ್ಪಾಳೆಯ ನಡುವೆ ವೆಂಕಟರಾಯಪ್ಪನವರು ಕುರ್ಚಿಯಿಂದ ಎದ್ದರು. ಎದ್ದು ಹೋಗುತ್ತಾರೆಂದೇ ಎಲ್ಲರೂ ತಿಳಿದರು. ಅವರು ಹೋಗಲಿಲ್ಲ. ನರಸಕ್ಕನ ಕಡೆ ತಿರುಗಿ ನಿಂತರು. ಗದ್ದಲ ತಾನಾಗಿ ಇಳಿಯಿತು.

"ಅವತ್ತು ನಮ್ಮ ಮನೆ ಗೇಟಿನ ತನಕಾನೂ ಬರ್ಲಿಲ್ಲ ಕಣಮ್ಮ ನಾನು" ಎಂದರು. "ಅಷ್ಟು ವರ್ಷ ನನ್ನ ಮಂಡಿಗೆ ದುಡಿದೋನು. ಅವನ್ನ ಹೊತ್ಕೊಂಡು ಹೋಗೋದನ್ನ ಕಿಟಕಿ ಸಂದೀಲಿ ನೋಡ್ತಾ ಇದ್ದೆ. ಬರ್ಲೇ ಇಲ್ಲ."

ನರಸಕ್ಕ ಅವರನ್ನು ನೇರವಾಗಿ ನೋಡಿದಳು.

"ಗೊತ್ತು ಸ್ವಾಮಿ. ನಿಮ್ಮ ಕಿಟಕಿ ನಂಗೆ ಕಾಣ್ತಿತ್ತು" ಎಂದಳು. "ಈಗ ಹೇಳಿದ್ರಲ್ಲ. ಕೂತ್ಕೊಳ್ಳಿ, ಮಕ್ಕಳ ಆಟ ಇನ್ನೂ ಮುಗಿದಿಲ್ಲ."

ಅವರು ಕೂತರು. ಗೇಟಿನಾಚೆ ನಿಂತಿದ್ದ ಅಮೃತಾಳಿಗೆ ಇದೊಂದೂ ಕೇಳಿಸಿರಲಿಲ್ಲ. ಅಂಟಿಸಿಕೊಂಡ ಮೀಸೆ ಒಂದು ಕಡೆ ಜೋತಾಡುತ್ತಿತ್ತು. ಅವಳು ಅಲ್ಲಿಂದಲೇ ಮತ್ತೆ ಕೂಗಿದಳು:

"ಅಮ್ಮಾ, ಇಷ್ಟು ದೂರ ಸಾಕಾ?"

"ಸಾಕು ಕಣಮ್ಮ" ಎಂದು ನರಸಕ್ಕ ಕೈ ಬೀಸಿ ಕರೆದಳು. "ಇನ್ನು ಬಾ."